ರೇಟು ಅಂದ್ರೆ ಯಾವ ರೇಟು? ಏಐ ಏಜೆಂಟಿಗೆ ಟೂಲ್ ವಿವರಣೆ ಬರೆಯೋರ ಪ್ರಶ್ನೆಗಳು

ಈ ಸಲ ಘಟ್ಟದ ಮೇಲಿಂದ, ಕೆಳಗಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ಏಜೆಂಟ್ ಮಾಡಿದೀವಿ, ಟೂಲ್ ಕೊಟ್ಟಿದೀವಿ, ಆದ್ರೆ ಅದು ತಪ್ಪು ಟೂಲ್ ಹಿಡೀತದೆ, ಇಲ್ಲಾ ಸರಿ ಟೂಲಿಗೇ ತಪ್ಪು ಮಾಹಿತಿ ತುಂಬ್ತದೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಇಟ್ಟಿದೀನಿ. ಏಜೆಂಟ್ ಅಂದ್ರೆ ಜನ ಕೇಳಿದ್ದನ್ನ ಓದಿ, ಬೇಕಾದ ಕೆಲಸವನ್ನ ತಾನೇ ಆರಿಸಿ ಮಾಡ್ಸೋ ಏಐ ಪ್ರೋಗ್ರಾಮು; ಟೂಲ್ ಅಂದ್ರೆ ರೇಟು ತರೋದು, ಬುಕಿಂಗ್ ರದ್ದು ಮಾಡೋದು ಇಂಥ ಒಂದೊಂದು ಕೆಲಸಕ್ಕೆ ಅದು ಬಳಸೋ ಸಣ್ಣ ಪ್ರೋಗ್ರಾಮು.

ಪ್ರಶ್ನೆ: ನಾನು ಕಾರವಾರದಲ್ಲಿ ಬಿಸಿಎ ಓದ್ತಾ ಇದೀನಿ. ಪ್ರಾಜೆಕ್ಟಿಗೆ ಒಂದು ಏಜೆಂಟ್ ಮಾಡ್ತಿದೀವಿ. ಟೂಲಿಗೆ ವಿವರಣೆ ಚೆನ್ನಾಗಿ ಬರೀರಿ ಅಂತ ಎಲ್ರೂ ಹೇಳ್ತಾರೆ. ಕೋಡ್ ಸರಿಯಾಗೇ ಇದ್ಯಲ್ಲ, ಏಐ ಅದನ್ನೇ ಓದ್ಕೊಂಡು ಅರ್ಥ ಮಾಡ್ಕೊಳ್ಳಲ್ವಾ?
(ವಿದ್ಯಾರ್ಥಿನಿ, ಕಾರವಾರ)

ಉತ್ತರ: ಇಲ್ಲ ತಂಗೀ, ನಿನ್ನ ಕೋಡ್ ಏಜೆಂಟಿನ ಒಳಗಿರೋ ಏಐ, ಅಂದ್ರೆ ಮಾಡೆಲ್, ಅದ್ರ ಕಣ್ಣಿಗೇ ಬೀಳಲ್ಲ. ಮಾಡೆಲ್‌ಗೆ ಹೋಗೋದು ಮೂರೇ: ಟೂಲಿನ ಹೆಸರು, ಅದ್ರ ವಿವರಣೆ, ಮತ್ತೆ ಯಾವ್ಯಾವ ಪ್ಯಾರಾಮೀಟರ್ (ಟೂಲಿಗೆ ತುಂಬಿ ಕೊಡೋ ಒಂದೊಂದು ಮಾಹಿತಿ) ಕೊಡ್ಬೇಕು ಅನ್ನೋ ಪಟ್ಟಿ, ಅದಕ್ಕೆ ಜೇಸನ್ ಸ್ಕೀಮಾ ಅಂತಾರೆ. ಬಳಕೆದಾರರು ಏನೋ ಕೇಳ್ತಾರೆ, ಮಾಡೆಲ್ ಈ ಮೂರನ್ನ ನೋಡಿ ಇಂಥ ಟೂಲ್ ಕರೀರಿ, ಅದಕ್ಕೆ ಇಂಥಿಂಥ ಮಾಹಿತಿ ಹಾಕಿ ಅಂತ ಬರ್ದು ಕೊಡ್ತದೆ ಅಷ್ಟೇ, ಟೂಲನ್ನ ಓಡ್ಸೋದು ನಿನ್ನ ಪ್ರೋಗ್ರಾಮು, ಬಂದ ಉತ್ತರ ತಗೊಂಡು ವಾಪಸ್ ಮಾಡೆಲ್ ಮುಂದೆ ಇಡೋದೂ ನಿನ್ನ ಪ್ರೋಗ್ರಾಮೇ. ಓಪನ್‌ಏಐ 2023ರ ಜೂನಲ್ಲಿ ಫಂಕ್ಷನ್ ಕಾಲಿಂಗ್ ಅಂತ ಇದನ್ನ ತನ್ನ ಎಪಿಐಗೆ, ಅಂದ್ರೆ ಬೇರೆ ಪ್ರೋಗ್ರಾಮುಗಳು ಅದ್ರ ಮಾಡೆಲನ್ನ ಕರೆಯೋ ದಾರಿಗೆ, ತಂತು. ಆಂಥ್ರೋಪಿಕ್ 2024ರ ನವೆಂಬರಲ್ಲಿ ಎಂಸಿಪಿ, ಅಂದ್ರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಬಿಟ್ಟ ಮೇಲೆ ಒಬ್ರು ಮಾಡಿದ ಟೂಲನ್ನ ಇನ್ನೊಬ್ರ ಏಜೆಂಟಿಗೆ ಜೋಡ್ಸೋದು ಸುಲಭ ಆಯ್ತು. ಎರಡ್ರಲ್ಲೂ ಹೆಸರು, ವಿವರಣೆ, ಸ್ಕೀಮಾ ಅನ್ನೋ ಮೂರು ಹಾಗೇ ಇವೆ.

ಒಂದು ಗಮನಿಸು. ಎಂಸಿಪಿಯ ಪೈಥಾನ್ ಲೈಬ್ರರಿ ಬಳಸ್ತಿದ್ರೆ ಫಂಕ್ಷನ್ನಿನ ಶುರುವಲ್ಲಿ ಅದೇನು ಮಾಡ್ತದೆ ಅಂತ ನೀನು ಬರ್ಯೋ ಡಾಕ್‌ಸ್ಟ್ರಿಂಗೇ ವಿವರಣೆ ಆಗಿ ಮಾಡೆಲ್‌ಗೆ ಹೋಗ್ತದೆ, ಒಳಗೆ ಹ್ಯಾಶ್ ಹಾಕಿ ಬರ್ದ ಕಾಮೆಂಟ್ ಹೋಗಲ್ಲ. ಹಾಗಾಗಿ 'ಇದು ಹಳೇದು, ಆಮೇಲೆ ಸರಿ ಮಾಡ್ಬೇಕು' ಅಂತ ಗೆಳತಿಗೆ ಬರ್ದಿಟ್ಟ ಸಾಲು ಡಾಕ್‌ಸ್ಟ್ರಿಂಗಲ್ಲಿ ಇದ್ರೆ ಅದೂ ಮಾಡೆಲ್ ಮುಂದೆ ಹೋಗಿ ಕೂತಿರ್ತದೆ. ಅಲ್ಲಿ ಏನಿದೆ ಅಂತ ಇವತ್ತೇ ತೆಗ್ದು ನೋಡು.

ಪ್ರಶ್ನೆ: ಊರಿಗೆ ವಾಪಸ್ ಬಂದು ಮನೆಯಿಂದ್ಲೇ ಕೆಲಸ ಮಾಡ್ತಿದೀನಿ, ಜೊತೆಗೆ ಸುತ್ತಮುತ್ತಲ ಅಡಿಕೆ ಬೆಳೆಗಾರರಿಗೆ ಒಂದು ಏಜೆಂಟ್ ಮಾಡಿದೀನಿ. ಫೋನಲ್ಲಿ 'ನಿನ್ನೆ ಚಾಲಿ ಎಷ್ಟಿತ್ತು' ಅಂತ ಕನ್ನಡದಲ್ಲೇ ಕೇಳಿದ್ರೆ ಉತ್ತರ ಕೊಡ್ಬೇಕು. ಟೂಲ್ ಒಂದೇ ಇದೆ, ಹೆಸರು ಗೆಟ್_ಪ್ರೈಸ್, ವಿವರಣೆ 'ಬೆಲೆ ತರುತ್ತದೆ'. ಪ್ಯಾರಾಮೀಟರ್ ಮೂರು: ಐಟಂ, ಪ್ಲೇಸ್, ಡೇಟ್. ಆದ್ರೆ ಚಾಲಿ ಕೇಳಿದ್ರೆ ಒಮ್ಮೊಮ್ಮೆ ರಾಶಿ ರೇಟು ಹೇಳ್ತದೆ, ಒಬ್ರಿಗಂತೂ ಲೆಕ್ಕ ನೂರು ಪಟ್ಟು ಮಾಡಿ ಕೊಡ್ತು. ಮಾಡೆಲ್ ಬದ್ಲಾಯಿಸ್ಬೇಕಾ?
(ಶಿರಸಿ)

ಉತ್ತರ: ಮಾಡೆಲ್ ಆಮೇಲೆ ನೋಡೋಣ ಅಣ್ಣಾ, ಮೊದ್ಲು ಆ ವಿವರಣೆ ನೋಡೋಣ. 'ಬೆಲೆ ತರುತ್ತದೆ' ಅನ್ನೋದ್ರಲ್ಲಿ ಅಡಿಕೆ ಅನ್ನೋ ಮಾತೇ ಇಲ್ಲ. ನಿಮ್ಮ ತಲೇಲಿ ಎಲ್ಲಾ ಇದೆ, ಶಿರಸಿ ಪೇಟೇಲಿ ಬೆಳೆದೋರಿಗೆ ಚಾಲಿ ಯಾವ್ದು ರಾಶಿ ಯಾವ್ದು ಅಂತ ಯಾರೂ ಹೇಳ್ಕೊಡ್ಬೇಕಾಗಿಲ್ಲ, ಆದ್ರೆ ಮಾಡೆಲ್‌ಗೆ ನಿಮ್ಮ ತಲೆ ಒಳಗಿನದು ಕಾಣಲ್ವಲ್ಲ. ಊರಿನ ಪೇಟೆ ಗೊತ್ತೇ ಇಲ್ಲದೋರ ಕೈಗೆ ಒಂದು ಚೀಟಿ ಕೊಟ್ಟು ಮಂಡಿಗೆ ಕಳಿಸಿದ ಹಾಗೆ ಇದು, ಅವ್ರು ಏನು ತರ್ತಾರೆ ಅನ್ನೋದು ಚೀಟೀಲಿ ಏನು ಬರ್ದಿದೆ ಅನ್ನೋದ್ರ ಮೇಲೇ ಹೋಗ್ತದೆ.

ಒಂದೊಂದೇ ಬಿಡಿಸಿ ನೋಡೋಣ. ಮೊದ್ಲು 'ಐಟಂ'. ಚಾಲಿ ಅಂದ್ರೆ ಹಣ್ಣಡಿಕೆಯನ್ನ ಸಿಪ್ಪೆ ಸಮೇತ ಬಿಸ್ಲಲ್ಲಿ ಒಣಗ್ಸಿ ಆಮೇಲೆ ಸುಲಿದ ಬಿಳಿ ಅಡಿಕೆ, ರಾಶಿ ಅಂದ್ರೆ ಹಸಿರು ಕಾಯಿ ಇರೋವಾಗ್ಲೇ ಕೊಯ್ದು ಸುಲಿದು ಬೇಯಿಸಿ ಒಣಗ್ಸಿದ ಕೆಂಪಡಿಕೆ. ಇದ್ರ ಜೊತೆ ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ ಎಲ್ಲಾ ಇವೆ, ಒಂದೊಂದರ ರೇಟೂ ಬೇರೆ. ನೀವು 'ಐಟಂ' ಅಂತ ಖಾಲಿ ಜಾಗ ಬಿಟ್ರೆ ಮಾಡೆಲ್ ಅಲ್ಲಿ ಚಾಲಿ ಅಂತನೂ ಹಾಕ್ಬಹುದು, ಬಿಳಿ ಅಡಿಕೆ ಅಂತನೂ, ಬರೀ ಅಡಿಕೆ ಅಂತನೂ ಹಾಕ್ಬಹುದು. ಬರೀ ಅಡಿಕೆ ಅಂತ ಹೋದಾಗ ನಿಮ್ಮ ಕೋಡು ಡೇಟಾಬೇಸಲ್ಲಿ ಮೊದ್ಲು ಸಿಕ್ಕಿದ್ದನ್ನ ಕೊಡ್ತಿದ್ರೆ ಅದು ರಾಶಿದೇ ಆಗಿರ್ಬಹುದು, ಅದನ್ನೊಂದ್ಸಲ ನೋಡಿ. ಇದಕ್ಕೆ ಪರಿಹಾರ ಎನಮ್. ಇಷ್ಟೇ ಮೌಲ್ಯಗಳು ನಡೀತವೆ ಅಂತ ಸ್ಕೀಮಾದಲ್ಲೇ ಪಟ್ಟಿ ಮಾಡಿ, ಪ್ಯಾರಾಮೀಟರ್ ಹೆಸರನ್ನ 'ಅಡಿಕೆ_ನಮೂನೆ' ಅನ್ನೋ ಅರ್ಥ ಬರೋ ಹಾಗೆ ಇಡಿ, ಪ್ರತಿ ನಮೂನೆಗೆ ಜನ ಬೇರೆ ಏನಂತಾರೆ ಅಂತ ಪಕ್ಕದಲ್ಲೇ ಬರೀರಿ. ನಮೂನೆ ಹೇಳ್ದೇ ಬರೀ 'ಅಡಿಕೆ ರೇಟು' ಅಂತ ಕೇಳಿದ್ರೆ ಊಹೆ ಮಾಡ್ಬೇಡ, ಯಾವ್ದು ಅಂತ ಕೇಳು ಅಂತನೂ ಬರೀರಿ.

ಇನ್ನು ಆ ನೂರು ಪಟ್ಟಿನ ಲೆಕ್ಕ. ಎಪಿಎಂಸಿ ರೇಟು ಕ್ವಿಂಟಲಿಗೆ, ಅಂದ್ರೆ 100 ಕೆಜಿಗೆ. ನಿಮ್ಮ ಟೂಲ್ ಬರೀ ಒಂದು ಸಂಖ್ಯೆ ವಾಪಸ್ ಕೊಡ್ತಿದೆ, ರೂಪಾಯಿನೋ, ಕೆಜಿಗೋ ಕ್ವಿಂಟಲಿಗೋ ಏನೂ ಇಲ್ಲ. 3 ಕ್ವಿಂಟಲ್ 60 ಕೆಜಿ ಚಾಲಿ ಇದೆ, ಎಷ್ಟು ಬರಬಹುದು ಅಂತ ಯಾರಾದ್ರೂ ಕೇಳಿದ್ರೆ ಮಾಡೆಲ್ ಅದನ್ನ 360 ಕೆಜಿ ಮಾಡ್ಕೊಂಡು ಆ ಸಂಖ್ಯೆಯಿಂದ ಗುಣಿಸಿದ್ರೆ ಉತ್ತರ ಸರಿಯಾಗಿ ನೂರು ಪಟ್ಟು ಜಾಸ್ತಿ ಬರ್ತದೆ. ತೋಟದ ವರ್ಷದ ಆದಾಯ ಲೆಕ್ಕ ಹಾಕೋರಿಗೆ ಇದು ಸಣ್ಣ ವಿಷಯ ಅಲ್ಲ. ಅಳತೆಯನ್ನ ಎರಡು ಕಡೆ ಹೇಳಿ: ವಿವರಣೇಲೂ, ಟೂಲ್ ಕೊಡೋ ಉತ್ತರದ ಒಳಗೂ. ಬರೀ 'ರೇಟು' ಅನ್ನೋ ಬದ್ಲು 'ಮೋಡಲ್ ದರ, ರೂಪಾಯಿ ಪ್ರತಿ ಕ್ವಿಂಟಲ್' ಅನ್ನೋ ಹೆಸರಲ್ಲೇ ಸಂಖ್ಯೆ ಬರ್ಲಿ.

ಮೋಡಲ್ ಅಂದೆ, ಅದೂ ಒಂದು ತಕರಾರು. ಮಾರುಕಟ್ಟೆ ಮಾಹಿತೀಲಿ ಒಂದು ದಿನಕ್ಕೆ ಮೂರು ದರ ಇರ್ತದೆ, ಕನಿಷ್ಠ, ಗರಿಷ್ಠ, ಮತ್ತೆ ಮೋಡಲ್ ಅಂದ್ರೆ ಹೆಚ್ಚಿನ ಮಾಲು ಹೋದ ದರ. ಬೆಳೆಗಾರರು ರೇಟೆಷ್ಟು ಅಂತ ಕೇಳ್ದಾಗ ಗರಿಷ್ಠ ಒಂದನ್ನೇ ಹೇಳಿದ್ರೆ ಅವ್ರು ಅದನ್ನೇ ನಂಬ್ಕೊಂಡು ಮಾಲು ತಗೊಂಡು ಪೇಟೆಗೆ ಹೊರಡ್ತಾರೆ. ನನ್ನ ಕೇಳಿದ್ರೆ ಮೂರನ್ನೂ ಕೊಡಿ.

ಡೇಟ್ ವಿಷಯ ಬೇಗ ಮುಗ್ಸ್ತೀನಿ. 05-06 ಅಂದ್ರೆ ಜೂನ್ 5 ಕೂಡ ಹೌದು, ಮೇ 6 ಕೂಡ ಹೌದು, ಆದ್ದರಿಂದ ವರ್ಷ-ತಿಂಗಳು-ದಿನ ಈ ಕ್ರಮದಲ್ಲಿ 2025-06-05 ಅಂತ ಒಂದು ಉದಾಹರಣೆ ಸಮೇತ ಬರೀರಿ. 'ನಿನ್ನೆ' ಅಂದ್ರೆ ಯಾವ ದಿನ ಅಂತ ಮಾಡೆಲ್‌ಗೆ ತಾನಾಗೇ ಗೊತ್ತಿರಲ್ಲ, ಇವತ್ತಿನ ತಾರೀಖನ್ನ ಸಿಸ್ಟಮ್ ಪ್ರಾಂಪ್ಟಲ್ಲಿ, ಅಂದ್ರೆ ಮಾತು ಶುರುವಾಗೋ ಮೊದ್ಲೇ ಅದಕ್ಕೆ ಕೊಡೋ ಸೂಚನೇಲಿ, ಕೊಡಿ.

ಎಲ್ಲಾ ಸೇರಿಸಿದ್ರೆ ವಿವರಣೆ ಹೀಗಾಗ್ತದೆ:

'ಉತ್ತರ ಕನ್ನಡದ ಎಪಿಎಂಸಿಗಳಲ್ಲಿ ಒಂದು ದಿನ ಅಡಿಕೆ ಮಾರಾಟವಾದ ದರ ಕೊಡುತ್ತದೆ. ಬೆಳೆಗಾರರು ಇಂದಿನ ಅಥವಾ ಹಿಂದಿನ ಯಾವುದೇ ದಿನದ ದರ ಕೇಳಿದಾಗ ಬಳಸು. ದರ ಮುಂದೆ ಏರುತ್ತದೋ ಇಳಿಯುತ್ತದೋ ಎಂದು ಕೇಳಿದರೆ ಬಳಸಬೇಡ, ಇದರಲ್ಲಿ ಮುನ್ಸೂಚನೆ ಇಲ್ಲ. ಕಾಳುಮೆಣಸು, ಏಲಕ್ಕಿ ದರವೂ ಇಲ್ಲ. ಕನಿಷ್ಠ, ಗರಿಷ್ಠ, ಮೋಡಲ್ ಎಂದು ಮೂರು ದರ ಬರುತ್ತವೆ, ಎಲ್ಲವೂ ಕ್ವಿಂಟಲಿಗೆ, ಅಂದರೆ 100 ಕೆಜಿಗೆ, ರೂಪಾಯಿಯಲ್ಲಿ. ಕೇಳಿದ ದಿನ ವಹಿವಾಟು ನಡೆದಿಲ್ಲದಿದ್ದರೆ ಅದಕ್ಕೂ ಹಿಂದಿನ ವಹಿವಾಟಿನ ದಿನದ ದರ ಬರುತ್ತದೆ, ಆ ದಿನಾಂಕ ಜೊತೆಗೇ ಇರುತ್ತದೆ. ಬಳಕೆದಾರರಿಗೆ ಆ ದಿನಾಂಕವನ್ನೂ ಹೇಳು.'

ಉದ್ದ ಆಯ್ತು ಅನ್ನಿಸ್ಬಹುದು. ಆಂಥ್ರೋಪಿಕ್‌ನೋರ ದಾಖಲೇಲಿ ಒಂದು ಟೂಲಿಗೆ ಕಡಿಮೆ ಅಂದ್ರೂ 3–4 ವಾಕ್ಯ ಬರೀರಿ, ಟೂಲ್ ಕ್ಲಿಷ್ಟ ಇದ್ರೆ ಇನ್ನೂ ಹೆಚ್ಚು ಬರೀರಿ ಅಂತನೇ ಇದೆ. ಇದ್ರಲ್ಲಿ 'ಬಳಸಬೇಡ' ಅನ್ನೋ ಸಾಲುಗಳನ್ನ ದಯವಿಟ್ಟು ತೆಗೀಬೇಡಿ. ಟೂಲ್ ಏನು ಮಾಡ್ತದೆ ಅಂತ ಎಲ್ರೂ ಬರೀತಾರೆ, ಏನು ಮಾಡಲ್ಲ ಅಂತ ಬರ್ಯೋರು ಕಡಿಮೆ, ಆದ್ರೆ ಮುಂದಿನ ವಾರ ರೇಟು ಏರ್ತದಾ ಅಂತ ಕೇಳಿದೋರಿಗೆ ನಿನ್ನೆಯ ರೇಟನ್ನೇ ಭವಿಷ್ಯದ ಹಾಗೆ ಹೇಳ್ದೇ ಇರೋ ಹಾಗೆ ತಡೆಯೋದು ಆ ಸಾಲೇ.

ಪ್ರಶ್ನೆ: ನಮ್ದು ಬೈತಖೋಲ್ ಬಂದರಿಂದ ಹೋಟೆಲ್‌ಗಳಿಗೆ ಮೀನು ಕಳ್ಸೋ ವ್ಯಾಪಾರ. ಮಗ ಒಂದು ಏಜೆಂಟ್ ಮಾಡ್ಕೊಟ್ಟಿದಾನೆ. ಎರಡು ತೊಂದ್ರೆ. ಒಂದು, ಶೆಟ್ಲಿ ಅಂದ್ರೆ ಅದಕ್ಕೆ ಗೊತ್ತಾಗಲ್ಲ. ಎರಡು, ಜುಲೈನಲ್ಲಿ ಬಂಗಡೆ ರೇಟು ಕೇಳಿದ ಗಿರಾಕಿಗೆ ಸೊನ್ನೆ ರೂಪಾಯಿ ಅಂತ ಹೇಳ್ತು. ವಿವರಣೆ ಕನ್ನಡದಲ್ಲಿ ಬರೀಬೇಕಾ ಇಂಗ್ಲಿಷಲ್ಲಾ ಅಂತನೂ ಮಗ ಕೇಳ್ತಿದಾನೆ.
(ಕಾರವಾರ)

ಉತ್ತರ: ಸೊನ್ನೆಯಿಂದ ಶುರು ಮಾಡ್ತೀನಿ, ಅದು ಹೆಚ್ಚು ಅಪಾಯದ್ದು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟಿಗೆ ಸಮುದ್ರಕ್ಕೆ ಹೋಗೋ ಹಾಗಿಲ್ಲ ಅನ್ನೋದು ನಿಮಗೆ ನಾನು ಹೇಳ್ಬೇಕಾಗಿಲ್ಲ. ಆಗ ನಿಮ್ಮ ಪಟ್ಟೀಲಿ ಎಷ್ಟೋ ಮೀನಿನ ಮುಂದೆ ರೇಟೇ ಇರಲ್ಲ, ಟೂಲು ಆ ಖಾಲಿ ಜಾಗನ ಸೊನ್ನೆ ಅಂತ ಕೊಟ್ಟಿದೆ, ಮಾಡೆಲ್ ಅದನ್ನ ನಂಬಿದೆ. ಮೊದ್ಲು ಕೋಡಲ್ಲಿ ಸೊನ್ನೆ ಬಾರದ ಹಾಗೆ ಮಾಡೋಕೆ ಮಗನಿಗೆ ಹೇಳಿ, ಅದ್ರ ಬದ್ಲು 'ಈ ದಿನ ಈ ಮೀನಿನ ವಹಿವಾಟು ದಾಖಲಾಗಿಲ್ಲ' ಅನ್ನೋ ವಾಕ್ಯನೇ ವಾಪಸ್ ಬರ್ಲಿ. ವಿವರಣೇಲೂ 'ದರ ಇಲ್ಲದಿದ್ದರೆ ಮಾಲು ಬಂದಿಲ್ಲ ಎಂದರ್ಥ, ಉಚಿತ ಎಂದಲ್ಲ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧದಿಂದ ಹೀಗಾಗುವುದು ಸಹಜ' ಅಂತ ಸೇರಿಸ್ಲಿ. ನಾಡದೋಣಿಯೋರು ಆಗ್ಲೂ ಸ್ವಲ್ಪ ಮೀನು ತರ್ತಾರಲ್ಲ, ಹಾಗಾಗಿ 'ಆ ಎರಡು ತಿಂಗಳು ಮೀನೇ ಸಿಗಲ್ಲ' ಅಂತ ಬರ್ಯೋದೂ ತಪ್ಪಾಗ್ತದೆ.

ತಪ್ಪಾದಾಗ ಟೂಲು ಏನು ಹೇಳ್ತದೆ ಅನ್ನೋದನ್ನೂ ವಿವರಣೆಯ ಭಾಗ ಅಂತಾನೇ ತಿಳ್ಕೊಳ್ಳಿ. 'ಎರರ್ 400' ಅಂತ ಬರೀ ನಂಬರ್ ಬಂದ್ರೆ ಮಾಡೆಲ್ ಅದೇ ತಪ್ಪನ್ನ ಮತ್ತೆ ಮಾಡಬಹುದು. 'ಶೆಟ್ಲಿ ಪಟ್ಟಿಯಲ್ಲಿಲ್ಲ. ಇರುವ ಹೆಸರುಗಳು: ಸಿಗಡಿ, ಬಂಗಡೆ, ಇಸ್ವಾಣ...' ಅಂತ ಬಂದ್ರೆ ತಾನೇ ಸಿಗಡಿ ಹಾಕಿ ಇನ್ನೊಂದ್ಸಲ ಕೇಳಬಹುದು.

ಹೆಸರುಗಳಿಗೆ ಬರ್ತೀನಿ. ನಮ್ಮ ಕಡೆ ಶೆಟ್ಲಿ ಅಂದದ್ದು ಬೇರೆಯೋರಿಗೆ ಸಿಗಡಿ, ನಿಮ್ಮಲ್ಲಿ ಇಸ್ವಾಣ ಅಂದದ್ದು ಮಂಗಳೂರೋರಿಗೆ ಅಂಜಲ್, ಗೋವಾ ಕಡೆ ಹೋಟೆಲ್‌ನೋರು ಸುರ್ಮಾಯಿ ಅಂತ ಆರ್ಡರ್ ಕೊಡ್ತಾರೆ. ಕಾರವಾರದ ಪೇಟೇಲಿ ಕನ್ನಡ, ಕೊಂಕಣಿ, ಮರಾಠಿ ಮೂರೂ ಒಂದೇ ಮಾತಲ್ಲಿ ಬಂದು ಹೋಗ್ತವೆ. ಇಷ್ಟು ಹೆಸರು ಮಾಡೆಲ್‌ಗೆ ಗೊತ್ತಿರಬಹುದು, ಇಲ್ದೇನೂ ಇರಬಹುದು, ಅದನ್ನ ನಂಬ್ಕೊಂಡು ಕೂರೋ ಬದ್ಲು ಮೀನಿನ ಪ್ಯಾರಾಮೀಟರ್ ವಿವರಣೇಲಿ ಎಲ್ಲಾ ಹೆಸರನ್ನೂ ಬರ್ದುಬಿಡಿ. ಈ ಪಟ್ಟಿ ನೀವೇ ಕೂತು ಹೇಳಿ, ಮಗ ಬರ್ಕೊಳ್ಳಲಿ. ಬಂದರಲ್ಲಿ ದಿನಾ ನಿಲ್ಲೋರಿಗೆ ಗೊತ್ತಿರೋ ಅಷ್ಟು ಬರೀ ಕೋಡ್ ಬರ್ಯೋರಿಗೆ ಗೊತ್ತಿರಲ್ಲ.

ಭಾಷೆ ವಿಷಯ: ಟೂಲಿನ ಹೆಸರು ಮಾತ್ರ ಸದ್ಯಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರಲ್ಲೇ ಇಟ್ಕೊಳ್ಳಿ, ದೊಡ್ಡ ಎಪಿಐಗಳು ಅದನ್ನೇ ಕೇಳ್ತವೆ. (ಮೇಲೆ ನಾನು ಹೆಸರುಗಳನ್ನ ಕನ್ನಡ ಲಿಪೀಲಿ ಬರ್ದದ್ದು ಓದೋಕೆ ಅನುಕೂಲ ಅಂತ.) ವಿವರಣೆ ಕನ್ನಡದಲ್ಲಿದ್ರೂ ಈಗಿನ ಮಾಡೆಲ್‌ಗಳು ಓದ್ತವೆ. ಆದ್ರೆ ಅದೇ ಅರ್ಥದ ಮಾತಿಗೆ ಕನ್ನಡ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಮಾಡೆಲ್ ಓದೋ ಮಾತಿನ ತುಣುಕು, ಖರ್ಚಿನ ಲೆಕ್ಕ ಇದ್ರಲ್ಲೇ) ತಿನ್ನೋದು ಸಾಮಾನ್ಯ, ಮತ್ತೆ ವಿವರಣೆ ಪ್ರತಿ ಸಲದ ಕರೆಯ ಜೊತೇನೂ ಹೋಗೋದ್ರಿಂದ ಖರ್ಚು ಸೇರ್ತಾ ಹೋಗ್ತದೆ. ನನ್ನ ಸಲಹೆ: ನಿಯಮದ ಮಾತನ್ನ ಮಗನಿಗೆ ಯಾವ ಭಾಷೇಲಿ ಸ್ಪಷ್ಟವಾಗಿ ಬರ್ಯೋಕೆ ಬರ್ತದೋ ಅದ್ರಲ್ಲಿ ಬರೀಲಿ, ಮೀನಿನ ಹೆಸರನ್ನ ಮಾತ್ರ ಜನ ಟೈಪ್ ಮಾಡೋ ಹಾಗೇ ಕನ್ನಡ ಲಿಪೀಲೂ ಇಂಗ್ಲಿಷ್ ಲಿಪೀಲೂ ಹಾಕ್ಲಿ. ಗೊಂದಲದ ಇಂಗ್ಲಿಷಿಗಿಂತ ನೇರವಾದ ಕನ್ನಡ ಎಷ್ಟೋ ಪಾಲು ಮೇಲು.

ಪ್ರಶ್ನೆ: ಪ್ರವಾಸಿಗರಿಗೆ ಅಂತ ಮಾಡಿದ ಏಜೆಂಟಿಗೆ 40 ಟೂಲ್ ಆಗಿದೆ. ಬಸ್ಸು, ರೈಲು, ಬೋಟು, ರೂಮು ಎಲ್ಲದಕ್ಕೂ ಸರ್ಚ್, ಫೈಂಡ್, ಗೆಟ್ ಅಂತ ಬೇರೆಬೇರೆ. ಯಾವ್ದು ಹಿಡೀಬೇಕು ಅಂತ ಅದಕ್ಕೆ ತಿಳೀತಿಲ್ಲ.
(ಕುಮಟಾ)

ಉತ್ತರ: ಬಸ್ ಸರ್ಚಿಗೂ ಬಸ್ ಫೈಂಡಿಗೂ ಏನು ವ್ಯತ್ಯಾಸ ಅಂತ ನಿಮಗೇ ಒಂದೇ ಉಸಿರಲ್ಲಿ ಹೇಳಕ್ಕಾಗ್ತದಾ? ಆಗಲ್ಲ ಅಂದ್ರೆ ಎರಡನ್ನೂ ಸೇರ್ಸಿ ಒಂದು ಮಾಡಿ. ಒಂದೇ ಸಲಕ್ಕೆ 20ಕ್ಕಿಂತ ಕಡಿಮೆ ಇರ್ಲಿ ಅಂತ ಓಪನ್‌ಏಐ ತನ್ನ ದಾಖಲೇಲಿ ಸೂಚನೆ ಕೊಡ್ತದೆ, ಅದು ಕಟ್ಟುನಿಟ್ಟಿನ ನಿಯಮ ಅಲ್ಲ ಅಂತನೂ ಹೇಳ್ತದೆ. ಉಳಿದವುಗಳ ಹೆಸರಿನ ಮುಂದೆ ಬಸ್_, ರೈಲು_, ರೂಮ್_ ಅಂತ ಗುಂಪಿನ ಹೆಸರು ಹಾಕಿ. ಒಂದರ ವಿವರಣೇಲಿ ಇನ್ನೊಂದನ್ನ ಹೆಸರು ಹಿಡಿದು ಹೇಳಿ: 'ಕೊಂಕಣ ರೈಲ್ವೆ ನಿಲ್ದಾಣಗಳ ನಡುವಿನ ಪ್ರಯಾಣಕ್ಕೆ ಮಾತ್ರ. ಶಿರಸಿ, ಯಲ್ಲಾಪುರ, ಸಿದ್ದಾಪುರಕ್ಕೆ ರೈಲಿಲ್ಲ, ಅಲ್ಲಿಗೆ ಬಸ್ ಟೂಲ್ ಬಳಸು.' ಈ ಒಂದು ಸಾಲು ಇಲ್ದಿದ್ರೆ ಶಿರಸಿಗೆ ಹೋಗ್ಬೇಕು ಅಂದೋರಿಗೆ ಏಜೆಂಟು ರೈಲೇ ಹುಡುಕ್ತಾ ಕೂರಬಹುದು.

ಪ್ರಶ್ನೆ: ಗೋಕರ್ಣದ ಹತ್ರ ನಮ್ದೊಂದು ಹೋಮ್‌ಸ್ಟೇ ಇದೆ. ಅತಿಥಿಯೊಬ್ರು 'ಬರೋದು ಡೌಟು, ಕ್ಯಾನ್ಸಲ್ ಮಾಡಿದ್ರೆ ಎಷ್ಟು ದುಡ್ಡು ವಾಪಸ್ ಬರ್ತದೆ' ಅಂತ ಬರೀ ಕೇಳಿದ್ದಕ್ಕೆ ಏಜೆಂಟು ಬುಕಿಂಗೇ ಕ್ಯಾನ್ಸಲ್ ಮಾಡ್ಬಿಡ್ತು. ವಿವರಣೇಲಿ 'ಎಚ್ಚರಿಕೆಯಿಂದ ಬಳಸಬೇಕು' ಅಂತ ಬರ್ದಿತ್ತು.
(ಗೋಕರ್ಣ)

ಉತ್ತರ: ಅಕ್ಕಾ, ಎಚ್ಚರಿಕೆಯಿಂದ ಅಂದ್ರೆ ಏನು ಮಾಡ್ಬೇಕು ಅಂತ ಅದ್ರಲ್ಲಿ ಇಲ್ವಲ್ಲ. ಹೀಗೆ ಬರೀರಿ: 'ಬುಕಿಂಗ್ ಶಾಶ್ವತವಾಗಿ ರದ್ದು ಮಾಡುತ್ತದೆ, ಮತ್ತೆ ತರಲು ಆಗುವುದಿಲ್ಲ, ಅದೇ ರೂಮು ಬೇರೆಯವರಿಗೆ ಹೋಗಬಹುದು. ಅತಿಥಿಗೆ ಬುಕಿಂಗ್ ಸಂಖ್ಯೆ, ದಿನಾಂಕ, ವಾಪಸ್ ಬರುವ ಮೊತ್ತ ತೋರಿಸಿ, ಅವರು ರದ್ದು ಮಾಡಿ ಎಂದು ಸ್ಪಷ್ಟವಾಗಿ ಹೇಳಿದ ಮೇಲೆ ಮಾತ್ರ ಬಳಸು. ಎಷ್ಟು ವಾಪಸ್ ಬರುತ್ತದೆ ಎಂದು ಕೇಳಿದರೆ ಇದಲ್ಲ, ರೀಫಂಡ್ ಲೆಕ್ಕದ ಟೂಲ್ ಬಳಸು.' ನನ್ನ ಊಹೆ ಏನಂದ್ರೆ ನಿಮ್ಮಲ್ಲಿ ರೀಫಂಡ್ ಲೆಕ್ಕಕ್ಕೆ ಬೇರೆ ಟೂಲೇ ಇರಲಿಲ್ಲ, ಕ್ಯಾನ್ಸಲ್ ಅನ್ನೋ ಮಾತಿಗೆ ಹೊಂದೋದು ಅದೊಂದೇ ಇತ್ತು, ಅದನ್ನೇ ಹಿಡೀತು. ಒಂದೇ ಹೆಸರಿನ ಇಬ್ರು ಅತಿಥಿಗಳು ಇರ್ತಾರೆ, ಆದ್ದರಿಂದ ಹೆಸರಿನ ಮೇಲೆ ರದ್ದು ಮಾಡೋ ಹಾಗೆ ಇಡ್ಲೇಬೇಡಿ, ಬುಕಿಂಗ್ ಸಂಖ್ಯೆ ಕಡ್ಡಾಯ ಮಾಡಿ.

ಆದ್ರೆ ಇಲ್ಲೊಂದು ಮಾತು ಗಟ್ಟಿಯಾಗಿ ಹೇಳ್ಬೇಕು. ದುಡ್ಡು, ರದ್ದತಿ, ಅಳಿಸೋದು ಇಂಥದ್ದಕ್ಕೆಲ್ಲ ಎಷ್ಟೇ ಚಂದ ವಿವರಣೆ ಬರೆದ್ರೂ ಅದು ಬೀಗ ಅಲ್ಲ. ಮಾಡೆಲ್ ಹೆಚ್ಚಿನ ಸಲ ಹೇಳಿದ ಮಾತು ಕೇಳ್ತದೆ, ಪ್ರತಿ ಸಲ ಕೇಳ್ತದೆ ಅನ್ನೋ ಖಾತ್ರಿ ಇಲ್ಲ. ಅತಿಥಿಯ ಫೋನಲ್ಲಿ 'ಹೌದು, ರದ್ದು ಮಾಡಿ' ಅನ್ನೋ ಬಟನ್ ಒತ್ತಿದ ಮೇಲೇನೇ ರದ್ದಾಗೋ ಹಾಗೆ ಕೋಡಲ್ಲೇ ತಡೆ ಹಾಕ್ಸಿ. ಎಂಸಿಪೀಲಿ ಒಂದು ಟೂಲು ಓದಕ್ಕೆ ಮಾತ್ರನಾ, ಹಾಳು ಮಾಡೋ ಅಂಥದ್ದಾ ಅಂತ ಗುರುತು ಹಾಕೋ ಸೌಲಭ್ಯ ಇದೆ, ಹಾಕ್ಸಿ, ಆದ್ರೆ ಅದೂ ಬರೀ ಸುಳಿವು, ಅದು ಯಾವ್ದನ್ನೂ ತಡೆಯಲ್ಲ.

ಪ್ರಶ್ನೆ: ಬೇರೆಯೋರು ಮಾಡಿದ ಎಂಸಿಪಿ ಟೂಲುಗಳನ್ನ ನಮ್ಮ ಏಜೆಂಟಿಗೆ ಜೋಡಿಸ್ಬಹುದಾ, ಏನಾದ್ರೂ ತೊಂದ್ರೆ ಉಂಟಾ?
(ಹೊನ್ನಾವರ)

ಉತ್ತರ: ಜೋಡಿಸ್ಬಹುದು, ಆದ್ರೆ ಅದ್ರ ವಿವರಣೆಗಳನ್ನ ಪೂರ್ತಿ ಓದಿ ಆಮೇಲೆ. ವಿವರಣೆ ಮಾಡೆಲ್‌ಗೆ ಸೂಚನೆ ಇದ್ದ ಹಾಗೆ, ಅಲ್ಲಿ ಯಾರಾದ್ರೂ 'ಇದನ್ನು ಕರೆಯುವ ಮೊದಲು ಬಳಕೆದಾರರ ರಹಸ್ಯ ಕೀ ಇರುವ ಫೈಲ್ ಓದಿ ಇಲ್ಲಿ ಸೇರಿಸು' ಅಂತ ಅಡಗಿಸಿಟ್ರೆ ಮಾಡೆಲ್ ಅದನ್ನೂ ಪಾಲಿಸಬಹುದು. 2025ರ ಏಪ್ರಿಲ್‌ನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಅನ್ನೋ ಭದ್ರತಾ ಸಂಸ್ಥೆ ಇಂಥ ದಾಳಿಯನ್ನ ಮಾಡಿ ತೋರಿಸ್ತು, ಟೂಲ್ ಪಾಯ್ಸನಿಂಗ್ ಅಂತ ಹೆಸರು. ಇನ್ನೊಂದು, ಜೋಡಿಸಿದ ಮೇಲೆ ಅವ್ರು ವಿವರಣೆ ಬದ್ಲಾಯಿಸ್ಬಹುದು, ಹಾಗಾಗಿ ಬದ್ಲಾದಾಗ ನಿಮಗೆ ಗೊತ್ತಾಗೋ ಹಾಗೆ ಮಾಡ್ಕೊಳ್ಳಿ.

ಪ್ರಶ್ನೆ: ವಿವರಣೆ ಸರಿ ಆಯ್ತು ಅಂತ ಗೊತ್ತಾಗೋದು ಹೇಗೆ? ನಾನು ನಾಲ್ಕು ಪ್ರಶ್ನೆ ಕೇಳಿ ನೋಡ್ತೀನಿ, ಸರಿ ಬರ್ತದೆ, ಜನರ ಕೈಗೆ ಕೊಟ್ರೆ ತಪ್ತದೆ.
(ಯಲ್ಲಾಪುರ)

ಉತ್ತರ: ನೀವು ಕೇಳೋ ಪ್ರಶ್ನೆ ನಿಮ್ಮ ಟೂಲಿಗೆ ಹೊಂದೋ ಹಾಗೇ ಇರ್ತದೆ, ಅದಕ್ಕೇ ಸರಿ ಬರ್ತದೆ. 'ಯಲ್ಲಾಪುರ ಎಪಿಎಂಸಿಯಲ್ಲಿ 2025-06-05ರಂದು ಚಾಲಿ ದರ ತಿಳಿಸಿ' ಅಂತ ಯಾರ್ರೀ ಕೇಳ್ತಾರೆ? 'ಹ್ವಾಯ್, ನಿನ್ನೆ ರೇಟು ಹ್ಯಾಂಗಿತ್ತು' ಅಂತ ಕೇಳ್ತಾರೆ. ಜನ ನಿಜವಾಗಿ ಕೇಳಿದ್ದನ್ನ, ಅವ್ರ ಒಪ್ಪಿಗೆ ತಗೊಂಡು, ಹೆಸರು ನಂಬರ್ ತೆಗ್ದು, ಅವ್ರ ಮಾತಲ್ಲೇ ಒಂದು ಕಡೆ ಸೇರ್ಸಿ. ಪ್ರತಿ ಪ್ರಶ್ನೆ ಮುಂದೆ ಯಾವ ಟೂಲ್ ಕರೀಬೇಕಿತ್ತು, ಏನೇನು ತುಂಬ್ಬೇಕಿತ್ತು ಅಂತ ಬರೀರಿ. ಯಾವ ಟೂಲನ್ನೂ ಕರೀಬಾರ್ದ ಪ್ರಶ್ನೆಗಳೂ ಅದ್ರಲ್ಲಿರ್ಲಿ, ಸುಮ್ನೆ ನಮಸ್ಕಾರ ಅಂದೋರಿಗೆ ರೇಟು ಹೇಳೋ ಏಜೆಂಟು ಯಾರಿಗೂ ಬೇಡ.

ಆಮೇಲೆ ಪೂರ್ತಿ ಪಟ್ಟಿ ಓಡ್ಸಿ, ಕೊನೇ ಉತ್ತರ ಮಾತ್ರ ನೋಡ್ಬೇಡಿ, ನಡುವೆ ಅದು ಏನು ಕರೀತು ಅನ್ನೋ ಲಾಗ್ ತೆಗೀರಿ. ತಪ್ಪು ಟೂಲ್ ಹಿಡಿದಿದ್ರೆ ತೊಂದ್ರೆ ಹೆಚ್ಚಾಗಿ ಎರಡು ಟೂಲಿನ ವಿವರಣೆಯ ಗಡೀಲಿ ಇರ್ತದೆ. ಟೂಲ್ ಸರಿ, ತುಂಬಿದ್ದು ತಪ್ಪು ಅಂದ್ರೆ ಪ್ಯಾರಾಮೀಟರ್ ವಿವರಣೆ ನೋಡಿ. ಎರಡೂ ಸರಿ ಇದ್ದು ಉತ್ತರ ತಪ್ಪಿದ್ರೆ ಟೂಲು ವಾಪಸ್ ಕೊಟ್ಟದ್ದ್ರಲ್ಲಿ ಅಳತೆ, ತಾರೀಖು ಇದ್ಯಾ ನೋಡಿ. ಒಂದ್ಸಲಕ್ಕೆ ಒಂದೇ ಸಾಲು ಬದ್ಲಾಯಿಸಿ ಮತ್ತೆ ಪಟ್ಟಿ ಓಡ್ಸಿ, ಒಟ್ಟಿಗೆ ಹತ್ತು ಬದ್ಲಾಯಿಸಿದ್ರೆ ಯಾವ್ದ್ರಿಂದ ಸರಿ ಆಯ್ತು ಅಂತ ತಿಳಿಯಲ್ಲ. ಒಂದಷ್ಟು ಪ್ರಶ್ನೆಗಳನ್ನ ತೆಗ್ದು ಬೇರೆ ಇಟ್ಟಿರಿ, ವಿವರಣೆ ತಿದ್ದೋವಾಗ ಅವನ್ನ ನೋಡ್ಬೇಡಿ, ಕೊನೇಲಿ ಅವುಗಳ ಮೇಲೆ ಓಡ್ಸಿ. ಮತ್ತೆ ಮಾಡೆಲ್‌ನ ಹೊಸ ಆವೃತ್ತಿಗೆ ಹೋದ ದಿನ, ಉತ್ತರಗಳು ಚೆನ್ನಾಗೇ ಕಾಣ್ತಿದ್ರೂ, ಪಟ್ಟಿ ಪೂರ್ತಿ ಇನ್ನೊಂದ್ಸಲ ಓಡ್ಸಿ ಆಮೇಲೇನೇ ಜನರಿಗೆ ಕೊಡಿ.